ಫ್ರೀಕ್-ಸಿ: ಮಿಡಿಸೌತೆಯ ಡ್ರಮ್ಮಿನ ಪಕ್ಕ ನಿಂತು ಬರೆದ ಒಂದು ತಂತ್ರಾಂಶ ವಿಮರ್ಶೆ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಇನ್ನೂ ಏಳು ಗಂಟೆಯಾಗಿರಲಿಲ್ಲ. ಗೋದಾಮಿನ ಮೇಲ್ವಿಚಾರಕರು ಫೋನ್ ಮಾಡಿದರು. "ಮೇಡಂ, ಡ್ರಮ್ಮಿನ ತಳದಲ್ಲಿ ಗಾಜಿನ ಚೂರು ಇದ್ದ ಹಾಗಿದೆ. ಬೇಗ ಬನ್ನಿ."

ತುಮಕೂರು ಜಿಲ್ಲೆಯಲ್ಲಿ ಮಿಡಿಸೌತೆ ಸಂಸ್ಕರಿಸಿ ಹೊರದೇಶಕ್ಕೆ ಕಳುಹಿಸುವ ಘಟಕವೊಂದರ ಪ್ರಯೋಗಾಲಯ ನನ್ನ ಹೊಣೆ. ರಫ್ತಾಗುವ ಆಹಾರದಲ್ಲಿ ಗಾಜು ಎಂಬ ಮಾತು ಕಿವಿಗೆ ಬಿದ್ದರೆ ಎದೆ ಒಡೆದಂತಾಗುತ್ತದೆ. ಒಂದು ಚೂರು ಸಾಕು, ಇಡೀ ಲಾಟ್ ವಾಪಸ್ಸು ಬರುತ್ತದೆ. ಓಡಿಹೋಗಿ ಉದ್ದ ಹಿಡಿಯ ಸೌಟಿನಲ್ಲಿ ತಳ ಕೆದಕಿ ಎತ್ತಿದೆ. ತೆಳುವಾದ, ಮಿರುಗುವ ಹರಳುಗಳು. ಬೆರಳುಗಳ ನಡುವೆ ಒತ್ತಿದರೆ ಪುಡಿಯಾದವು. ಗಾಜಲ್ಲ ಎಂದು ಅಲ್ಲಿಯೇ ಗೊತ್ತಾಯಿತು, ಉಸಿರು ಬಂತು. ಸೋಸಿ, ತಣ್ಣೀರಿನಲ್ಲಿ ತೊಳೆದು, ಒಣಗಿಸಿ, ಕ್ಯಾಪಿಲರಿ ಕೊಳವೆಯಲ್ಲಿ ತುಂಬಿ ಕಾಯಿಸಿದರೆ ಸರಿಯಾಗಿ 122 ಡಿಗ್ರಿಗೆ ಕರಗಿತು. ಉಳಿದದ್ದನ್ನು ವಾಚ್ ಗ್ಲಾಸಿನ ಮೇಲಿಟ್ಟು ಬಿಸಿ ಮಾಡಿದೆ. ಬಿಳಿ ಹೊಗೆ ಎದ್ದು ಗಂಟಲು ಕೆರೆಯಿತು. ಸಂಜೆಯ ಹೊತ್ತು ಅಜ್ಜಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಾಗ ಹತ್ತಿರ ಹೋದವರಿಗೆ ಬರುತ್ತಿದ್ದ ಅದೇ ಕೆಮ್ಮು. ಹರಳು ಬೆಂಜೋಯಿಕ್ ಆಮ್ಲ, ಕಾಯಿ ಕೆಡದಿರಲೆಂದು ನಾವು ಹಾಕಿದ್ದ ಸೋಡಿಯಂ ಬೆಂಜೋಯೇಟಿನಿಂದ ಹುಟ್ಟಿದ್ದು. ಈ ಆಮ್ಲವನ್ನು ಮನುಷ್ಯ ಮೊದಲು ಪಡೆದದ್ದೇ ಸಾಂಬ್ರಾಣಿಯ ಅಂಟಿನಿಂದ.

ನನ್ನನ್ನು ಕಾಡಿದ್ದು ಹರಳಲ್ಲ. ಆ ಪ್ರಾಯೋಗಿಕ ಲಾಟನ್ನು ತುಂಬುವ ಮುನ್ನ ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೆ, ಹರಳು ಬರುವುದಿಲ್ಲ ಎಂಬ ಉತ್ತರ ಬಂದಿತ್ತು. ನೀರಿನಲ್ಲಿ ಏನು ಎಷ್ಟು ಕರಗುತ್ತದೆ ಎಂದು ಲೆಕ್ಕ ಹಾಕಿಕೊಡುವ ಆ ತಂತ್ರಾಂಶದ ಹೆಸರು ಫ್ರೀಕ್-ಸಿ (PHREEQC). ಅಂದಿನಿಂದ ಇಂದಿನವರೆಗೆ ಎರಡು ವರ್ಷ ಅದನ್ನು ಬಿಡದೆ ಬಳಸಿದ್ದೇನೆ. ಈ ವಿಮರ್ಶೆ ಆ ತಂತ್ರಾಂಶದ್ದು. ಉಪ್ಪಿನಕಾಯಿ, ಔಷಧ, ಬಣ್ಣ, ಚರ್ಮ ಹೀಗೆ ಯಾವುದೇ ಉದ್ಯಮದಲ್ಲಿ ಉಪ್ಪುನೀರಿನೊಳಗೆ ದುರ್ಬಲ ಆಮ್ಲವನ್ನು, ಅಂದರೆ ವಿದ್ಯುದಂಶವಿರುವ ಕಣಗಳಾಗಿ (ಅಯಾನು) ಪೂರ್ತಿ ಒಡೆಯದ ಆಮ್ಲವನ್ನು, ಕರಗಿಸಬೇಕಾದವರು ಓದಲಿ ಎಂದು ಬರೆಯುತ್ತಿದ್ದೇನೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ಹೊರತಂದಿದೆ. ಡೇವಿಡ್ ಪಾರ್ಕ್‌ಹರ್ಸ್ಟ್ ಮತ್ತು ನೆದರ್ಲೆಂಡ್ಸಿನ ಅಪೆಲೊ ಇದರ ಕರ್ತೃಗಳು. ಪಿಎಚ್ (ಆಮ್ಲತೆಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು), ರಿಡಾಕ್ಸ್ (ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ), ಈಕ್ವಿಲಿಬ್ರಿಯಂ (ಸಮತೋಲನ) ಎಂಬ ಪದಗಳ ಅಕ್ಷರಗಳನ್ನು ಜೋಡಿಸಿ, ಕೊನೆಗೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಕ್ಷರವನ್ನು ಸೇರಿಸಿ ಹೆಸರಿಟ್ಟಿದ್ದಾರೆ. 1980ರಲ್ಲಿ ಫೋರ್ಟ್ರಾನ್ ಭಾಷೆಯಲ್ಲಿದ್ದ ಹಳೆಯ ರೂಪದಿಂದ ಬೆಳೆದು ಬಂದದ್ದು. ಈಗ ನಾವು ಬಳಸುವ ಮೂರನೆಯ ಆವೃತ್ತಿಯ ಕೈಪಿಡಿ 2013ರದು. ಇದು ಹುಟ್ಟಿದ್ದು ಅಂತರ್ಜಲದ ಲೆಕ್ಕಕ್ಕೆ. ಬಾವಿಯ ನೀರಿನಲ್ಲಿ ಸುಣ್ಣ ಎಷ್ಟು ಕರಗುತ್ತದೆ, ಫ್ಲೋರೈಡ್ ಎಲ್ಲಿಂದ ಬರುತ್ತದೆ ಎಂಬಂಥ ಪ್ರಶ್ನೆಗಳಿಗೆ. ಸೌತೆಕಾಯಿಯ ಡ್ರಮ್ಮೂ ಒಂದು ಬಾವಿಯೇ ಎಂದುಕೊಂಡು ನಾನು ಇದರ ಕೈ ಹಿಡಿದೆ.

ಬೆಲೆ ಇಲ್ಲ, ಪೂರ್ತಿ ಉಚಿತ. ನೋಂದಣಿ, ಪರವಾನಗಿ, ವರ್ಷ ವರ್ಷದ ಶುಲ್ಕ ಯಾವುದೂ ಇಲ್ಲ. ನಮ್ಮ ಪ್ರಯೋಗಾಲಯದ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಕೂತಿತು. ಒಂದು ಲೆಕ್ಕಕ್ಕೆ ಒಂದು ಸೆಕೆಂಡೂ ಬೇಡ. ಇದೇ ಕೆಲಸದ ವಾಣಿಜ್ಯ ತಂತ್ರಾಂಶಕ್ಕೆ ಹಣ ಕೇಳಲು ಆಡಳಿತದವರ ಮುಂದೆ ನಿಂತಿದ್ದರೆ ಏನಾಗುತ್ತಿತ್ತೆಂದು ಸಣ್ಣ ಘಟಕಗಳಲ್ಲಿ ಕೆಲಸ ಮಾಡುವವರಿಗೆ ನಾನು ಹೇಳಬೇಕಿಲ್ಲ.

ಪರದೆಯ ಮೇಲೆ ಅಂದಚೆಂದವೇನೂ ಇಲ್ಲ. ಖಾಲಿ ಹಾಳೆಯಂಥ ಕಿಟಕಿ ತೆರೆಯುತ್ತದೆ. ಅದರಲ್ಲಿ ಇಂತಿಷ್ಟು ಸೋಡಿಯಂ, ಇಂತಿಷ್ಟು ಕ್ಲೋರೈಡ್, ಉಷ್ಣಾಂಶ ಇಷ್ಟು ಎಂದು ಸಾಲು ಸಾಲಾಗಿ ಬರೆಯಬೇಕು. ಜೊತೆಗೆ ಒಂದು ದತ್ತಕೋಶದ ಕಡತವನ್ನು ಆರಿಸಿಕೊಳ್ಳಬೇಕು. ಮೂಲ ದತ್ತಕೋಶದಲ್ಲಿ ಖನಿಜಗಳು ತುಂಬಿಕೊಂಡಿವೆ. ಬೆಂಜೋಯಿಕ್ ಆಮ್ಲ ಇಲ್ಲ, ಅಸಿಟಿಕ್ ಆಮ್ಲವೂ ಇಲ್ಲ. ನಾವೇ ಬರೆದು ಸೇರಿಸಬೇಕು. ಮೊದಮೊದಲು ಇದು ಕಿರಿಕಿರಿ ಎನಿಸಿತ್ತು. ಈಗ ಇದನ್ನೇ ನಾನು ಈ ತಂತ್ರಾಂಶದ ದೊಡ್ಡ ಗುಣ ಎನ್ನುತ್ತೇನೆ, ಏಕೆಂದರೆ ಪ್ರತಿ ಸಂಖ್ಯೆಯನ್ನೂ ನಾನೇ ಕೈಯಾರೆ ಇಟ್ಟಿರುತ್ತೇನೆ. ಎಲ್ಲಿ ತಪ್ಪಿದೆ ಎಂದು ಹುಡುಕಲು ದಾರಿ ಇರುತ್ತದೆ.

ಬೆಂಜೋಯಿಕ್ ಆಮ್ಲಕ್ಕೆ ಎರಡೇ ಹೇಳಿಕೆ ಸಾಕು. ಒಂದು, ಕರಗಿದ ಅಣು ಹೈಡ್ರೋಜನ್ ಅಯಾನು ಮತ್ತು ಬೆಂಜೋಯೇಟ್ ಅಯಾನು ಆಗಿ ಒಡೆಯುತ್ತದೆ. 25 ಡಿಗ್ರಿಯಲ್ಲಿ ಅದರ ಪಿಕೆಎ, ಅಂದರೆ ಅರ್ಧ ಒಡೆದು ಅರ್ಧ ಒಡೆಯದೆ ಉಳಿಯುವ ಪಿಎಚ್, 4.20. ಎರಡು, ಘನ ಹರಳು ನೀರಿನಲ್ಲಿ ಕರಗಿ ಒಡೆಯದ ಅಣುವಾಗುತ್ತದೆ. ಅದರ ಸ್ಥಿರಾಂಕವನ್ನು ಶುದ್ಧ ನೀರಿನ ಕರಗುವಿಕೆಯಿಂದ ತೆಗೆಯಬೇಕು. ಲೀಟರಿಗೆ 18 ಡಿಗ್ರಿಯಲ್ಲಿ 2.7 ಗ್ರಾಂ, 25 ಡಿಗ್ರಿಯಲ್ಲಿ 3.44 ಗ್ರಾಂ, 40 ಡಿಗ್ರಿಯಲ್ಲಿ 5.51 ಗ್ರಾಂ ಎಂಬುದು ಕೈಪಿಡಿಗಳಲ್ಲಿರುವ ಲೆಕ್ಕ. ಇಷ್ಟು ಬರೆದು ಶುದ್ಧ ನೀರಿಗೆ ಹರಳು ಹಾಕು ಎಂದು ಹೇಳಿದಾಗ ದ್ರಾವಣದ ಪಿಎಚ್ 2.9 ಎಂದು ಅದೇ ಕಂಡುಹಿಡಿದು ಹೇಳಿತು. ನಮ್ಮ ಮೀಟರ್ ಕೂಡ 2.9 ತೋರಿಸಿತು. ಆ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ. ಅದೇ ಸಂತೋಷದಲ್ಲಿ ಮುಂದಿನ ಹೆಜ್ಜೆಯನ್ನು ಪರೀಕ್ಷಿಸದೆ ಇಟ್ಟೆ.

ನಮ್ಮ ಡ್ರಮ್ಮಿನ ವಿವರ ಹೀಗಿತ್ತು. ಕಾಯಿಯ ಒಳಗೂ ಹೊರಗೂ ಸಮನಾದ ಮೇಲೆ ಉಪ್ಪು ತೂಕದಲ್ಲಿ ಶೇಕಡಾ 16. ಅಸಿಟಿಕ್ ಆಮ್ಲದಿಂದ ಪಿಎಚ್ ಮೂರರ ಆಸುಪಾಸಿಗೆ ಇಳಿದಿತ್ತು. ಖರೀದಿದಾರರ ಕೋರಿಕೆಯಂತೆ ಸೋಡಿಯಂ ಬೆಂಜೋಯೇಟ್ ಶೇಕಡಾ 0.1, ಅಂದರೆ ಅಮೆರಿಕದ ನಿಯಮ ಒಪ್ಪುವ ಗರಿಷ್ಠ ಪ್ರಮಾಣ. ಸೋಡಿಯಂ ಬೆಂಜೋಯೇಟ್ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ಆದರೆ ಆ ಪಿಎಚ್‌ನಲ್ಲಿ ಅದರ ಹತ್ತರಲ್ಲಿ ಒಂಬತ್ತು ಪಾಲು ಬೆಂಜೋಯಿಕ್ ಆಮ್ಲದ ಅಣುವಾಗಿ ತಿರುಗುತ್ತದೆ. ಬೂಷ್ಟನ್ನು ತಡೆಯುವ ಶಕ್ತಿ ಇರುವುದು ಆ ಅಣುವಿಗೇ, ಕಷ್ಟಪಟ್ಟು ಕರಗುವುದೂ ಆ ಅಣುವೇ. ಲೆಕ್ಕ ಹಾಕಿದರೆ ಒಂದು ಕಿಲೋ ನೀರಿಗೆ ಸುಮಾರು 0.9 ಗ್ರಾಂ ಬೆಂಜೋಯಿಕ್ ಆಮ್ಲ ಒಡೆಯದ ಅಣುವಾಗಿ ಇರಬೇಕಾಗುತ್ತದೆ. 18 ಡಿಗ್ರಿಯಲ್ಲಿ ಆ ಉಪ್ಪುನೀರು ಎಷ್ಟನ್ನು ಹಿಡಿದುಕೊಳ್ಳಬಲ್ಲದು ಎಂದು ಫ್ರೀಕ್-ಸಿಯನ್ನು ಕೇಳಿದೆ. 1.2 ಗ್ರಾಂ ಎಂದಿತು. ನಿಶ್ಚಿಂತೆಯಿಂದ ಡ್ರಮ್ ತುಂಬಿಸಿದೆವು. ಗೋದಾಮಿನ ಉಷ್ಣಮಾಪಕ ಆ ಬೆಳಿಗ್ಗೆ 18 ಡಿಗ್ರಿಯನ್ನೇ ತೋರಿಸುತ್ತಿತ್ತು, ತಳದಲ್ಲಿ ಹರಳು ಮಿರುಗುತ್ತಿತ್ತು.

ಫ್ರೀಕ್-ಸಿಯ ಕೈಪಿಡಿ ಸುಮಾರು ಐನೂರು ಪುಟ. ಆ ವಾರ ರಾತ್ರಿ ಕೂತು ಓದಿದೆ. ಉತ್ತರ ಅಲ್ಲಿಯೇ ಇತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ವಿದ್ಯುದಂಶವಿರುವ ಅಯಾನುಗಳಿಗೆ ಈ ತಂತ್ರಾಂಶ ಡಿಬೈ ಮತ್ತು ಹ್ಯೂಕೆಲ್ ಅವರ ಸಮೀಕರಣದ ವಿಸ್ತೃತ ರೂಪವನ್ನು ಬಳಸುತ್ತದೆ, ಅಲ್ಲಿ ಬಹಳ ಜಾಗ್ರತೆ ಇದೆ. ವಿದ್ಯುದಂಶವಿಲ್ಲದ ಅಣುವಿನ ಬಗ್ಗೆ ನಾವು ಏನೂ ಹೇಳದೆ ಬಿಟ್ಟರೆ ಮಾತ್ರ, ಅದರ ಆಕ್ಟಿವಿಟಿ ಗುಣಾಂಕದ (ಉಪ್ಪು ಆ ಅಣುವನ್ನು ದ್ರಾವಣದಿಂದ ಎಷ್ಟು ಹೊರದೂಡುತ್ತದೆ ಎಂಬ ಅಳತೆ) ಲಾಗರಿತಮ್ ಅಯಾನಿಕ್ ಬಲದ (ದ್ರಾವಣದಲ್ಲಿ ಅಯಾನುಗಳು ಎಷ್ಟಿವೆ ಎಂಬ ಅಳತೆ) 0.1 ಪಟ್ಟು ಎಂದು ತಾನೇ ಇಟ್ಟುಕೊಳ್ಳುತ್ತದೆ. ಯಾವ ಅಣುವೇ ಆಗಲಿ, 0.1. ಕುಡಿಯುವ ನೀರಿನಷ್ಟು ತಿಳಿಯಾದ ದ್ರಾವಣದಲ್ಲಿ ಈ ಸಂಖ್ಯೆ ಎಷ್ಟಿದ್ದರೂ ಉತ್ತರ ಅಲುಗುವುದಿಲ್ಲ. ಶೇಕಡಾ 16ರ ಉಪ್ಪುನೀರಿನಲ್ಲಿ ಅಯಾನಿಕ್ ಬಲ 3.26. ಅಲ್ಲಿ ಇಡೀ ಉತ್ತರ ಈ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ.

ಇದರ ಹಿಂದಿನ ಸಂಗತಿ ನಮ್ಮ ಅಡುಗೆಮನೆಗೆ ದೂರದ್ದಲ್ಲ. ಸೌತೆಯ ಹೋಳುಗಳಿಗೆ ಉಪ್ಪು ಹಾಕಿದರೆ ನೀರು ಬಿಡುತ್ತವೆ, ನೀರನ್ನು ಉಪ್ಪು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ದ್ರಾವಣದಲ್ಲಿಯೂ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನ ಅಣುಗಳನ್ನು ಸುತ್ತ ಕಟ್ಟಿಕೊಳ್ಳುತ್ತವೆ. ಬೆಂಜೋಯಿಕ್ ಆಮ್ಲದಂಥ ಎಣ್ಣೆಸ್ವಭಾವದ ಅಣುವಿಗೆ ಜಾಗ ಕಡಿಮೆಯಾಗುತ್ತದೆ. ರಷ್ಯಾದ ಶರೀರವಿಜ್ಞಾನಿ ಇವಾನ್ ಸೆಚೆನೊವ್ ಉಪ್ಪಿನ ದ್ರಾವಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಕರಗುತ್ತದೆಂದು ಅಳೆಯುತ್ತಾ 1889ರಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ಕರಗುವಿಕೆಯ ಲಾಗರಿತಮ್ ಉಪ್ಪಿನ ಸಾಂದ್ರತೆಯ ಜೊತೆ ನೇರ ಗೆರೆಯಲ್ಲಿ ಇಳಿಯುತ್ತದೆ. ಆ ಗೆರೆಯ ಇಳಿಜಾರು ಪ್ರತಿ ಅಣುವಿಗೂ ಬೇರೆ, ಪ್ರತಿ ಉಪ್ಪಿಗೂ ಬೇರೆ. ಅಳೆಯದೆ ಸಿಗುವಂಥದ್ದಲ್ಲ.

ಹಾಗಾಗಿ ಅಳೆದೆವು. ನನ್ನ ಜೊತೆ ಆಗಷ್ಟೇ ಎಂಎಸ್ಸಿ ಮುಗಿಸಿ ಬಂದ ಹುಡುಗಿಯೊಬ್ಬಳಿದ್ದಳು. ಸೊನ್ನೆ, ಒಂದು, ಎರಡು, ಮೂರು ಮೋಲಾರ್ ಉಪ್ಪಿನ ನೀರನ್ನು (ಒಂದು ಮೋಲಾರ್ ಎಂದರೆ ಲೀಟರಿಗೆ ಸುಮಾರು 58 ಗ್ರಾಂ ಉಪ್ಪು) ಗಾಜಿನ ಬಿರಡೆಯ ಫ್ಲಾಸ್ಕುಗಳಲ್ಲಿ ತೆಗೆದುಕೊಂಡು, ಪ್ರತಿಯೊಂದಕ್ಕೂ ಕರಗಿ ಮಿಗುವಷ್ಟು ಬೆಂಜೋಯಿಕ್ ಆಮ್ಲ ಹಾಕಿ, ಉಷ್ಣಾಂಶ ಬದಲಾಗದ ನೀರಿನ ತೊಟ್ಟಿಯಲ್ಲಿ, ಅಂದರೆ 25 ಡಿಗ್ರಿಯ ವಾಟರ್ ಬಾತಿನಲ್ಲಿ, ಅಲುಗಾಡಿಸುತ್ತಾ ಬಿಟ್ಟೆವು. ಈ ಪುಡಿ ನೀರಿಗೆ ಒದ್ದೆಯಾಗುವುದೇ ಇಲ್ಲ, ಮೇಲೆ ತೇಲುತ್ತದೆ. ಮೊದಲ ಒಂದು ಗಂಟೆ ಆಗಾಗ ಫ್ಲಾಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಬೇಕಾಯಿತು. 24 ಗಂಟೆಗೂ 48 ಗಂಟೆಗೂ ಒಂದೇ ಉತ್ತರ ಬಂದ ಮೇಲೆ ಸಮತೋಲನಕ್ಕೆ ಬಂದಿದೆ ಎಂದು ಒಪ್ಪಿದೆವು. ಅಷ್ಟಕ್ಕೇ ಬಿಡಲಿಲ್ಲ. ಇನ್ನೊಂದು ಜೋಡಿ ಫ್ಲಾಸ್ಕುಗಳನ್ನು 35 ಡಿಗ್ರಿಗೆ ಕಾಯಿಸಿ, ಹೆಚ್ಚು ಕರಗಿಸಿ, ಮತ್ತೆ 25ಕ್ಕೆ ಇಳಿಸಿದೆವು. ಕೆಳಗಿನಿಂದ ಹತ್ತಿದರೂ ಮೇಲಿನಿಂದ ಇಳಿದರೂ ಒಂದೇ ಕಡೆ ಬಂದು ನಿಂತರೆ ಮಾತ್ರ ಅದು ಕರಗುವಿಕೆ. ನಮ್ಮ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಶೇಕಡಾ ಒಂದರೊಳಗಿತ್ತು.

ತೆಗೆಯುವಾಗ ಪಿಪೆಟ್ಟನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದರೊಳಗೇ ಹರಳು ಕಟ್ಟುತ್ತದೆ. ಸೋಸುವ ಫಿಲ್ಟರ್ ಮೊದಲ ಒಂದೆರಡು ಮಿಲಿಲೀಟರಿನಲ್ಲಿರುವ ಆಮ್ಲವನ್ನು ತಾನೇ ಹೀರಿಕೊಳ್ಳಬಹುದು, ಅದನ್ನು ಚೆಲ್ಲಬೇಕು. ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಆಮ್ಲವನ್ನು ಅಳೆಯುವ ಟೈಟ್ರೇಷನ್ನಿಗೆ ಇದ್ದದ್ದು ಇಷ್ಟು: ಕುದಿಸಿ ಆರಿಸಿದ ನೀರಿನಲ್ಲಿ ಮಾಡಿದ 0.02 ನಾರ್ಮಲ್ ಕಾಸ್ಟಿಕ್ ಸೋಡಾ, ಬಣ್ಣ ತೋರಿಸಲು ಫಿನಾಲ್ಫ್ತಲೀನ್, ಹಳೆಯ ಬ್ಯೂರೆಟ್. ಅವಳು ಬ್ಯೂರೆಟ್ ಮುಂದೆ ಕೂತಳು, ನಾನು ಬರೆದುಕೊಂಡೆ. 25 ಮಿಲಿಲೀಟರ್ ದ್ರಾವಣಕ್ಕೆ ಶುದ್ಧ ನೀರಿನಲ್ಲಿ 35.2 ಮಿಲಿಲೀಟರ್ ಸೋಡಾ ಬೇಕಾಯಿತು. ಒಂದು ಮೋಲಾರ್ ಉಪ್ಪಿನಲ್ಲಿ 24.0. ಎರಡಕ್ಕೆ 16.1. ಮೂರಕ್ಕೆ ಬರುವ ಹೊತ್ತಿಗೆ, ತಿಳಿ ಗುಲಾಬಿ ಬಣ್ಣ ಇಷ್ಟು ಬೇಗ ನಿಂತುಬಿಟ್ಟಿತಲ್ಲ ಎಂದು ಅವಳು ಬ್ಯೂರೆಟ್ಟನ್ನು ಎರಡು ಸಲ ಓದಿದಳು. "10.8, ಮೇಡಂ." ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕರಗುವಿಕೆಯನ್ನು ಬರಿಯ ಅಡುಗೆ ಉಪ್ಪು ಕಿತ್ತುಕೊಂಡಿತ್ತು.

ಈ ಸಂಖ್ಯೆಗಳ ಲಾಗರಿತಮ್ ತೆಗೆದು ಗೆರೆ ಎಳೆದರೆ ಇಳಿಜಾರು 0.17. ಆದರೆ ಟೈಟ್ರೇಷನ್ ಎಣಿಸುವುದು ಒಡೆದ ಆಮ್ಲವನ್ನೂ ಒಡೆಯದ ಆಮ್ಲವನ್ನೂ ಸೇರಿಸಿ. ದುರ್ಬಲ ಆಮ್ಲದ ಕೆಲಸದಲ್ಲಿ ಎಲ್ಲರೂ ಎಡವುವ ಜಾಗ ಇದು. ಶುದ್ಧ ನೀರಿನಲ್ಲಿ ಬೆಂಜೋಯಿಕ್ ಆಮ್ಲದ ಶೇಕಡಾ ಐದರಷ್ಟು ಅಯಾನುಗಳಾಗಿರುತ್ತದೆ. ಉಪ್ಪು ಹೆಚ್ಚಿ ಒಟ್ಟು ಆಮ್ಲ ಕಡಿಮೆಯಾದಂತೆ ಆ ಪಾಲು ಏರುತ್ತದೆ. ಅದನ್ನು ಕಳೆದು, ಒಡೆಯದ ಅಣುವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಳಿಜಾರು 0.18 ಆಯಿತು. ಖುಷಿಯಿಂದ ಅದನ್ನೇ ಫ್ರೀಕ್-ಸಿಗೆ ಕೊಡಲು ಹೊರಟಿದ್ದೆ. ಆಗ ಅವಳು ಕೇಳಿದಳು, "ಮೇಡಂ, ನಾವು ಲೀಟರ್ ದ್ರಾವಣಕ್ಕೆ ಅಳೆದಿದ್ದೇವೆ. ತಂತ್ರಾಂಶ ಒಂದು ಕಿಲೋ ನೀರಿಗೆ ಕೇಳುತ್ತದಲ್ಲವೇ?"

ಅವಳ ಮಾತು ನಿಜ. ಮೂರು ಮೋಲಾರ್ ಉಪ್ಪುನೀರಿನ ಒಂದು ಲೀಟರ್ ಸುಮಾರು 1112 ಗ್ರಾಂ ತೂಗುತ್ತದೆ. ಅದರಲ್ಲಿ ಉಪ್ಪೇ 175 ಗ್ರಾಂ, ಉಳಿದ ನೀರು 937 ಗ್ರಾಂ ಮಾತ್ರ. ಎಲ್ಲವನ್ನೂ ಕಿಲೋ ನೀರಿನ ಲೆಕ್ಕಕ್ಕೆ ತಿರುಗಿಸಿದಾಗ 0.18 ಹೋಗಿ 0.16 ಆಯಿತು. ಪುಸ್ತಕಗಳಲ್ಲಿ ಸಿಗುವ ಸೆಚೆನೊವ್ ಸ್ಥಿರಾಂಕಗಳಲ್ಲಿ ಬಹುಪಾಲು ಲೀಟರಿನ ಲೆಕ್ಕದವು. ಅವನ್ನು ಹಾಗೆಯೇ ಎತ್ತಿ ಈ ತಂತ್ರಾಂಶಕ್ಕೆ ಹಾಕಬೇಡಿ.

ಕಡತದಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ಒಡೆಯದ ಬೆಂಜೋಯಿಕ್ ಆಮ್ಲಕ್ಕೆ ಗಾಮಾ (ಆಕ್ಟಿವಿಟಿ ಗುಣಾಂಕದ ಗುರುತು), ಸೊನ್ನೆ, 0.16. ಅದೇ ಡ್ರಮ್ಮನ್ನು ಮತ್ತೆ ಕೇಳಿದೆ. 18 ಡಿಗ್ರಿಯಲ್ಲಿ ಒಂದು ಕಿಲೋ ನೀರು ಹಿಡಿದುಕೊಳ್ಳುವುದು 0.77 ಗ್ರಾಂ. ಇರುವುದು 0.9. ಹರಳು ಬರಲೇಬೇಕು. 25 ಡಿಗ್ರಿಯಲ್ಲಿ ಎಷ್ಟು ಎಂದು ಕೇಳಿದೆ. 0.99. ಬರುವುದಿಲ್ಲ. ಮಧ್ಯಾಹ್ನ ತುಂಬಿಸುವಾಗ ಎಲ್ಲರೂ ನೋಡಿದ್ದ ತಿಳಿಯಾದ ಉಪ್ಪುನೀರು, ಬೆಳಗಿನ ಚಳಿಯಲ್ಲಿ ಕಂಡ ಹರಳು, ಎರಡಕ್ಕೂ ಆ ಒಂದು ಸಾಲಿನಲ್ಲಿ ಉತ್ತರ ಸಿಕ್ಕಿತು. ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಡ್ರಮ್ಮು ನಾಲ್ಕು ಫ್ಲಾಸ್ಕುಗಳ ಮಾತು ಕೇಳಿತಲ್ಲ ಎಂದು.

ಆದ್ದರಿಂದ ಫ್ರೀಕ್-ಸಿ ಬಗ್ಗೆ ನನ್ನ ತೀರ್ಪು ಇದು. ಗಣಿತ ಮಾಡುವುದರಲ್ಲಿ ಇದನ್ನು ಕಣ್ಣುಮುಚ್ಚಿ ನಂಬಬಹುದು. ದುರ್ಬಲ ಆಮ್ಲದ ಒಡೆಯದ ಅಣುವಿಗೆ ಉಪ್ಪು ಏನು ಮಾಡುತ್ತದೆ ಎಂಬುದನ್ನು ಮಾತ್ರ ನೀವೇ ಅಳೆದು ಹೇಳಬೇಕು. ಅಳೆಯಲು ದುಬಾರಿ ಉಪಕರಣ ಬೇಡ. ವಾಟರ್ ಬಾತ್, ಬ್ಯೂರೆಟ್, ಒಂದು ವಾರದ ತಾಳ್ಮೆ ಸಾಕು.

ಬೇರೆ ಕುಂದುಗಳನ್ನೂ ಹೇಳುತ್ತೇನೆ. ದೋಷ ಸಂದೇಶಗಳು ಹೊಸಬರಿಗೆ ಒಗಟು. ನಾನು ಒಂದು ಸಲ ಬೆಂಜೋಯೇಟಿನ ವಿದ್ಯುದಂಶದ ಚಿಹ್ನೆ ಬಿಟ್ಟಿದ್ದಕ್ಕೆ ಅರ್ಧ ದಿನ ಹೋಯಿತು. ಉಷ್ಣಾಂಶ ಬದಲಾದಾಗ ಹರಳಿನ ಸ್ಥಿರಾಂಕ ಹೇಗೆ ಬದಲಾಗುತ್ತದೆಂಬುದನ್ನೂ ನಾವೇ ಕೊಡಬೇಕು. ಹರಳು ಕರಗುವಾಗ ಹೀರುವ ಶಾಖವನ್ನು ಒಂದೇ ಸಂಖ್ಯೆಯಾಗಿ ಕೊಟ್ಟರೆ ಬೆಂಜೋಯಿಕ್ ಆಮ್ಲಕ್ಕೆ ಸಾಲದು, ಆಯಾ ಉಷ್ಣಾಂಶದ ಸಂಖ್ಯೆಯನ್ನೇ ಕೊಡುವುದು ವಾಸಿ.

ಪಿಎಚ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಾಂದ್ರ ಉಪ್ಪುನೀರಿನಲ್ಲಿ ಗಾಜಿನ ಎಲೆಕ್ಟ್ರೋಡ್ ತೋರಿಸುವ ಪಿಎಚ್ ಬೇರೆ, ತಂತ್ರಾಂಶದ ಲೆಕ್ಕದ ಪಿಎಚ್ ಬೇರೆ. ಸಾಮಾನ್ಯ ಬಫರುಗಳಲ್ಲಿ ಹೊಂದಿಸಿದ ಮೀಟರನ್ನು ಮೂರು ಮೋಲಾರ್ ಉಪ್ಪಿನಲ್ಲಿ ಮುಳುಗಿಸಿದರೆ ಎಲೆಕ್ಟ್ರೋಡಿನ ಒಳಗಿನ ದ್ರಾವಣ ಹೊರಗಿನದನ್ನು ಸೇರುವ ಸಂಧಿಯಲ್ಲಿ ವಿದ್ಯುತ್ ವಿಭವ ಬದಲಾಗಿ ಓದು ಜಾರುತ್ತದೆ. ಮೀಟರಿನ ಸಂಖ್ಯೆಯನ್ನು ಕಡತಕ್ಕೆ ತುಂಬುವ ಬದಲು ಡ್ರಮ್ಮಿಗೆ ಹಾಕಿದ ಅಸಿಟಿಕ್ ಆಮ್ಲದ ತೂಕ, ಬೆಂಜೋಯೇಟಿನ ತೂಕ, ಉಪ್ಪಿನ ತೂಕ ಇವನ್ನೇ ಕೊಟ್ಟು, ಪಿಎಚ್ ಅನ್ನು ಅದೇ ಕಂಡುಹಿಡಿಯಲಿ ಎಂದು ಬಿಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ತಕ್ಕಡಿ ಈ ಕೆಲಸದಲ್ಲಿ ಮೀಟರಿಗಿಂತ ಪ್ರಾಮಾಣಿಕ.

ಇನ್ನೂ ಸಾಂದ್ರವಾದ ದ್ರಾವಣಗಳಿಗೆ, ಹಲವು ಉಪ್ಪುಗಳು ಬೆರೆತಾಗ, ಪಿಟ್ಜರ್ ಸಮೀಕರಣಗಳ ದತ್ತಕೋಶ ಇದೇ ತಂತ್ರಾಂಶದಲ್ಲಿದೆ. ಅಲ್ಲಿ ನಮ್ಮ ಅಳತೆಯನ್ನು, ಒಂದೊಂದು ಅಯಾನೂ ಅಣುವನ್ನು ಎಷ್ಟು ಹೊರಗೆ ತಳ್ಳುತ್ತದೆ ಎಂದು ಹೇಳುವ ಲ್ಯಾಮ್ಡಾ ಎಂಬ ಗುಣಾಂಕವಾಗಿ ಕೊಡಬೇಕು. 0.16 ಅನ್ನು 2.303ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 0.184, ಅದನ್ನು ಸೋಡಿಯಂ ಹೆಸರಿಗೆ ಬರೆದು ಕ್ಲೋರೈಡಿನ ಪಾಲನ್ನು ಸೊನ್ನೆ ಎಂದು ಇಡುತ್ತೇನೆ. ಸೋಡಿಯಂ ಎಷ್ಟು ತಳ್ಳಿತು, ಕ್ಲೋರೈಡ್ ಎಷ್ಟು ತಳ್ಳಿತು ಎಂದು ಬಿಡಿಸಿ ಅಳೆಯಲು ಯಾರಿಗೂ ಸಾಧ್ಯವಿಲ್ಲ, ಎರಡರ ಮೊತ್ತವಷ್ಟೇ ಕೈಗೆ ಸಿಗುವುದು. ಪೊಟ್ಯಾಸಿಯಂ ಕ್ಲೋರೈಡಿಗೆ ಬಂದಾಗ ಬೇರೆ ಸಂಖ್ಯೆ ಬೇಕು. ನಾವು ಅಳೆದಾಗ ಅದು ಅಡುಗೆ ಉಪ್ಪಿಗಿಂತ ಕಡಿಮೆ ತಳ್ಳುತ್ತದೆಂದು ಕಂಡಿತು.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಒಂದೇ ಕಾರಣಕ್ಕೆ. ಬಳಸಿದವರು ಹೇಳದಿದ್ದಾಗ 0.1 ಇಟ್ಟುಕೊಳ್ಳುವುದು ಸರಿ, ಆದರೆ ಉತ್ತರದ ಕೆಳಗೆ ಇಂಥ ಅಣುವಿಗೆ ಊಹೆಯ ಸಂಖ್ಯೆ ಬಳಸಿದ್ದೇನೆ ಎಂದು ಒಂದು ಸಾಲು ಮುದ್ರಿಸಿದ್ದರೆ ನನ್ನಂಥವರು ಬೇಗ ಎಚ್ಚೆತ್ತುಕೊಳ್ಳುತ್ತಿದ್ದರು.

ಆ ಲಾಟಿನ ಡ್ರಮ್ಮುಗಳನ್ನು ಬೆಚ್ಚಗಿನ ಕೋಣೆಗೆ ಸಾಗಿಸಿ, ಉರುಳಿಸಿ, ಹರಳನ್ನು ಮತ್ತೆ ಕರಗಿಸಿದೆವು. ಮುಂದಿನ ಲಾಟುಗಳಿಗೆ ಬೆಂಜೋಯೇಟನ್ನು ಶೇಕಡಾ 0.07ಕ್ಕೆ ಇಳಿಸಿದೆವು, ಖರೀದಿದಾರರು ನಮ್ಮ ಅಳತೆಯ ಪಟ್ಟಿ ನೋಡಿ ಒಪ್ಪಿದರು. ಹಾಕುವ ಕ್ರಮವನ್ನೂ ಗೋಡೆಗೆ ಅಂಟಿಸಿದ್ದೇನೆ: ಬೆಂಜೋಯೇಟ್ ಮೊದಲು ಬರಿಯ ನೀರಿನಲ್ಲಿ ಕರಗಬೇಕು, ನಂತರ ಉಪ್ಪುನೀರಿಗೆ ಸೇರಬೇಕು, ಆಮ್ಲ ಎಲ್ಲಕ್ಕಿಂತ ಕೊನೆಗೆ, ಕಲಕುತ್ತಾ, ನಿಧಾನವಾಗಿ. ಆಮ್ಲದ ಮೇಲೆ ಬೆಂಜೋಯೇಟ್ ಸುರಿದರೆ ಬಿದ್ದ ಜಾಗದಲ್ಲೇ ಬಿಳಿ ಮೊಸರಿನಂತೆ ಒಡೆದುಕೊಳ್ಳುತ್ತದೆ, ಆಮೇಲೆ ಅದು ಕರಗಲು ದಿನಗಳು ಬೇಕು.

ಕಾಯಿ ಗರಿಗರಿಯಾಗಿರಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡಿನ ಲೆಕ್ಕ ಇನ್ನೂ ಬಾಕಿ ಇದೆ. ಆರು ಫ್ಲಾಸ್ಕುಗಳು ನಿನ್ನೆ ಸಂಜೆಯಿಂದ ವಾಟರ್ ಬಾತಿನಲ್ಲಿ ಅಲುಗಾಡುತ್ತಿವೆ. ನಾಳೆ ಸಂಜೆಗೆ 48 ಗಂಟೆ. ಬ್ಯೂರೆಟ್ ಮುಂದೆ ಈ ಸಲವೂ ಅವಳೇ ಕೂರುತ್ತಾಳೆ.